ಕೋಟು ಹಿಡಿದವರು ಯಾರು?

1967ರ ಜನವರಿಯಲ್ಲಿ, ನ್ಯಾಶ್‌ವಿಲ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ, ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಮೈಕಿನ ಮುಂದೆ ನಿಂತು ದಾಂಪತ್ಯದ ಜಗಳವೊಂದನ್ನು ಹಾಡಿದರು. ಜ್ವರ ಏರಿದವರ ಹಾಗೆ ಮದುವೆಯಾದೆವು, ಆಮೇಲೆ ಬೆಂಕಿ ಆರಿತು, ಆರಿದಂದಿನಿಂದ ಜಾಕ್ಸನ್ ಎಂಬ ಊರಿನದೇ ಮಾತು ಎಂದು ಹಾಡು ಶುರುವಾಗುತ್ತದೆ. ಹಾಡಿದ ಅಮೆರಿಕದ ಕಂಟ್ರಿ ಗಾಯಕರು ಜಾನಿ ಕ್ಯಾಶ್ ಮತ್ತು ಜೂನ್ ಕಾರ್ಟರ್ ಅಂದು ಗಂಡ ಹೆಂಡತಿಯಾಗಿರಲಿಲ್ಲ. ಕ್ಯಾಶ್ ಅವರಿಗೆ ಕಾನೂನಿನ ಪ್ರಕಾರ ಇನ್ನೂ ಬೇರೊಬ್ಬ ಹೆಂಡತಿ ಇದ್ದರು, ನಾಲ್ವರು ಹೆಣ್ಣುಮಕ್ಕಳಿದ್ದರು. ಜೂನ್ ಅವರ ಎರಡನೆಯ ಮದುವೆ ಅದರ ಹಿಂದಿನ ವರ್ಷವಷ್ಟೇ ಮುರಿದಿತ್ತು.

ಅಲ್ಲಿಂದ ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಇಬ್ಬರೂ ಮದುವೆಯಾದರು, ಮೂವತ್ತೈದು ವರ್ಷ ಜೊತೆಗಿದ್ದರು, ಒಂದೇ ವರ್ಷ, ನಾಲ್ಕು ತಿಂಗಳ ಅಂತರದಲ್ಲಿ ತೀರಿಕೊಂಡರು. ಹೀಗಾಗಿ ‘ಜಾಕ್ಸನ್’ ಎಂಬ ಈ ಯುಗಳಗೀತೆಯನ್ನು ಇಂದು ಜಗತ್ತು ಆ ಪ್ರೇಮಕಥೆಯ ಮುನ್ನುಡಿಯಾಗಿ ಕೇಳುತ್ತದೆ. ಅಮೆರಿಕದ ಹಳ್ಳಿಗಾಡಿನ ಜನಪದದಿಂದ ಬೆಳೆದ ಕಂಟ್ರಿ ಸಂಗೀತವನ್ನು ಬಹುಕಾಲದಿಂದ ಪ್ರೀತಿಯಿಂದ ಕೇಳುತ್ತ ಬಂದಿರುವ ನನಗೆ ಈ ರೂಢಿ ಒಪ್ಪಿಗೆಯಾಗುವುದಿಲ್ಲ. ಈ ಹಾಡು ಹುಟ್ಟಿದ್ದು ನಾಟಕದಿಂದ. ಉಳಿದುಕೊಂಡದ್ದು ನಾಟಕ ಬಲ್ಲ ಒಬ್ಬ ಹೆಣ್ಣುಮಗಳು ಅದರ ಅರ್ಧಭಾಗವನ್ನು ಕೈಗೆತ್ತಿಕೊಂಡದ್ದರಿಂದ. ಪ್ರೇಮಕಥೆಯ ನಾಯಕಿ ಎಂದು ಜೂನ್ ಅವರನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಕಲಾವಿದೆಯಾಗಿ ಅವರಿಗೆ ಸಲ್ಲಬೇಕಾದದ್ದು ಮಾತ್ರ ಇನ್ನೂ ಬಾಕಿ ಇದೆ.

ಹಾಡು ಬರೆದವರು ಬಿಲ್ಲಿ ಎಡ್ ವೀಲರ್. 1932ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿ ಕಲ್ಲಿದ್ದಲು ಗಣಿ ಕಾರ್ಮಿಕರ ಊರಿನಲ್ಲಿ ಬೆಳೆದವರು. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ಓದಿ, ನೌಕಾಪಡೆಯಲ್ಲಿ ಕೆಲಸ ಮಾಡಿ, ಕೊನೆಗೆ ನಾಟಕ ಬರೆಯುವುದನ್ನು ಕಲಿಯಲು ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆಗೆ ಹೋದರು. 1962ರ ಅಕ್ಟೋಬರಿನಲ್ಲಿ ಎಡ್ವರ್ಡ್ ಆಲ್ಬಿ ಅವರ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ನಾಟಕ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ತೆರೆ ಕಂಡಿತು. ಟಿಕೆಟ್ ಕೊಳ್ಳುವಷ್ಟು ದುಡ್ಡು ತಮ್ಮಲ್ಲಿರಲಿಲ್ಲ, ಹಾಗಾಗಿ ಹಸ್ತಪ್ರತಿಯನ್ನೇ ಓದಿದೆ ಎಂದು ವೀಲರ್ ಆಮೇಲೆ ಹೇಳಿಕೊಂಡಿದ್ದಾರೆ. ಆ ನಾಟಕದಲ್ಲಿ ಇತಿಹಾಸದ ಪ್ರಾಧ್ಯಾಪಕ ಜಾರ್ಜ್ ಮತ್ತು ಅವನ ಹೆಂಡತಿ ಮಾರ್ತಾ, ಮನೆಗೆ ಬಂದ ಕಿರಿಯ ದಂಪತಿಯ ಎದುರಿಗೇ, ರಾತ್ರಿಯಿಡೀ ಒಬ್ಬರನ್ನೊಬ್ಬರು ಮಾತಿನಲ್ಲಿ ಹರಿದು ಹಾಕುತ್ತಾರೆ. ಅವರ ಜಗಳದ ವೇಗ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಏಟು ಬೀಳುವ ಆ ಲಯ ವೀಲರ್ ಅವರನ್ನು ಹಿಡಿದುಬಿಟ್ಟಿತು. ಕಾಲೇಜು ಊರಿನ ಓದಿಕೊಂಡ ಗಂಡ ಹೆಂಡತಿಯನ್ನು ಅಲ್ಲಿಂದ ಎತ್ತಿ, ದಕ್ಷಿಣದ ಹಳ್ಳಿಗಾಡಿನ ಜೋಡಿಯ ನಾಲಿಗೆ ಕೊಟ್ಟು, ಜಗಳದ ವಿಷವನ್ನು ತೆಗೆದು ತುಂಟತನವನ್ನು ಉಳಿಸಿಕೊಂಡರು.

ಬರೆದದ್ದನ್ನು ತೋರಿಸಿದ್ದು ಜೆರಿ ಲೈಬರ್ ಅವರಿಗೆ. ಮೈಕ್ ಸ್ಟೋಲರ್ ಜೊತೆಗೂಡಿ ‘ಹೌಂಡ್ ಡಾಗ್’, ‘ಜೈಲ್‌ಹೌಸ್ ರಾಕ್’ ಹಾಡುಗಳನ್ನು ಬರೆದ ಅದೇ ಲೈಬರ್. ಅವರು ಹಾಡನ್ನು ಕೇಳಿ, ಮೊದಲ ಚರಣಗಳು ಕೆಲಸಕ್ಕೆ ಬಾರವು, ಕಿತ್ತು ಬಿಸಾಡು, ಕೊನೆಯ ಚರಣದಿಂದಲೇ ಹಾಡನ್ನು ಶುರು ಮಾಡು ಎಂದರು. ಜ್ವರದ ಮದುವೆಯ ಸಾಲುಗಳು ಮೊದಲು ಇದ್ದದ್ದು ಆ ಕೊನೆಯ ಚರಣದಲ್ಲಿ. ಹಾಡಿನ ಶಿಖರವನ್ನೇ ಮೊದಲಿಗೆ ಇಟ್ಟು ಹೇಗೆ ಶುರು ಮಾಡುವುದು ಎಂದು ವೀಲರ್ ತಕರಾರು ತೆಗೆದರು. ಖಂಡಿತ ಮಾಡಬಹುದು ಎಂದರು ಲೈಬರ್. ಅದೇ ಚರಣವನ್ನು ಕೊನೆಯಲ್ಲಿ ಇನ್ನೊಮ್ಮೆ ತಂದು ಹಾಡನ್ನು ಮುಗಿಸಿದ್ದೂ ಆಯಿತು.

ಈ ಕತ್ತರಿಯ ಬೆಲೆ ಏನೆಂಬುದು ಹಾಡು ಕೇಳಿದರೆ ತಿಳಿಯುತ್ತದೆ. ಕಂಟ್ರಿ ಸಂಗೀತದ ಕಥನಗೀತೆಗಳು ಸಾಮಾನ್ಯವಾಗಿ ನಿಧಾನಸ್ಥರು. ಊರು ಯಾವುದು, ಹುಡುಗಿ ಯಾರು, ಅವನು ಎಲ್ಲಿ ಕಂಡ ಎಂದು ಹೇಳಿ ಮುಗಿಸಿಯೇ ಕಥೆಯೊಳಕ್ಕೆ ಕಾಲಿಡುತ್ತವೆ. ‘ಜಾಕ್ಸನ್’ನಲ್ಲಿ ಮೊದಲ ಸಾಲಿಗೆ ಮದುವೆಯಾಗುತ್ತದೆ, ಎರಡನೆಯ ಸಾಲಿಗೆ ಬೆಂಕಿ ಆರುತ್ತದೆ, ಮೂರನೆಯ ಸಾಲಿಗೆ ಗಂಡ ಹೊರಟು ನಿಂತಿರುತ್ತಾನೆ. ಅವರು ಯಾರು, ಮಕ್ಕಳಿದ್ದಾರೆಯೇ, ಜಗಳಕ್ಕೆ ಕಾರಣವೇನು, ಯಾವುದೂ ನಮಗೆ ತಿಳಿಯುವುದಿಲ್ಲ. ತಿಳಿಯಬೇಕು ಎಂದು ಅನ್ನಿಸುವುದೂ ಇಲ್ಲ. ಪಕ್ಕದ ಮನೆಯ ಗಲಾಟೆ ಗೋಡೆಯಾಚೆಯಿಂದ ಕೇಳಿಸಿದಾಗ ನಾವು ಹೀಗೆಯೇ ನಡುವಿನಿಂದ ಕೇಳಿಸಿಕೊಳ್ಳುತ್ತೇವೆ.

ಹಾಡಿನ ಕರ್ತೃಗಳ ಹೆಸರಿನಲ್ಲಿ ವೀಲರ್ ಪಕ್ಕದಲ್ಲಿ ಕಾಣುವುದು ಗ್ಯಾಬಿ ರಾಜರ್ಸ್. ಅವರು ನಟಿ, ಲೈಬರ್ ಅವರ ಅಂದಿನ ಹೆಂಡತಿ. ಲೈಬರ್ ತಮ್ಮ ಪಾಲಿಗೆ ಅವರ ಹೆಸರನ್ನು ಹಾಕಿಸಿದ್ದರು. ಗಂಡ ಹೆಂಡತಿಯ ಜಗಳದ ಹಾಡಿನ ಮೇಲೆ ಗಂಡನ ಕೆಲಸಕ್ಕೆ ಹೆಂಡತಿಯ ಹೆಸರು. ಒಟ್ಟಿನಲ್ಲಿ ನಾಟಕದವರು ಈ ಹಾಡಿನ ಬೆನ್ನು ಬಿಡುವುದೇ ಇಲ್ಲ.

1963ರಲ್ಲಿ ಕಿಂಗ್‌ಸ್ಟನ್ ಟ್ರಯೋ ಎಂಬ ಮೂವರು ಗಂಡಸರ ತಂಡ ಇದನ್ನು ಹಾಡಿತು. ಬ್ಲೂಗ್ರಾಸ್ ಎಂಬ ಕಂಟ್ರಿ ಪ್ರಕಾರದ ಜೋಡಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಕೂಡ ಹಾಡಿದರು. ಬರೀ ಗಂಡು ದನಿಗಳಲ್ಲಿ ಈ ಹಾಡು ಚುರುಕಾಗಿ ಕೇಳಿಸುತ್ತದೆ, ಆದರೆ ಜಗಳ ಅಲ್ಲಿಲ್ಲ. ಹೆಂಡತಿ ಆಡಿದ್ದನ್ನು ಗಂಡಸರೇ ಸೇರಿ ವರದಿ ಮಾಡಿದ ಹಾಗಿದೆ. ವೀಲರ್ ಮಾತ್ರ ತಮ್ಮ ಸ್ವಂತ ಆಲ್ಬಮ್‌ನಲ್ಲಿ ಬೆರಿಯಾದ ಹಳೆಯ ಗೆಳತಿಯೊಬ್ಬರಿಂದ ಹೆಣ್ಣಿನ ಪಾಲನ್ನು ಹಾಡಿಸಿದ್ದರು. ಕ್ಯಾಶ್ ಈ ಹಾಡನ್ನು ಕಲಿತದ್ದು ಆ ಆಲ್ಬಮ್ ಕೇಳಿ ಎಂಬುದು ವೀಲರ್ ಅವರ ಮಾತು.

ಇನ್ನು ಜೂನ್.

ಜೂನ್ ಕಾರ್ಟರ್ ಹುಟ್ಟಿದ್ದು 1929ರ ಜೂನ್ 23ರಂದು, ವರ್ಜೀನಿಯಾದ ಕ್ಲಿಂಚ್ ಬೆಟ್ಟದ ಬುಡದ ಪೂರ್ ವ್ಯಾಲಿಯಲ್ಲಿ. ಹೆಸರೇ ಹೇಳುವಂತೆ ಅದು ಬಡ ಕಣಿವೆ. ಆದರೆ ಕಂಟ್ರಿ ಸಂಗೀತಕ್ಕೆ ಅದಕ್ಕಿಂತ ಸಿರಿವಂತ ನೆಲ ಇನ್ನೊಂದಿಲ್ಲ. ಜೂನ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, 1927ರ ಆಗಸ್ಟಿನಲ್ಲಿ, ಅವರ ತಾಯಿ ಮೇಬೆಲ್ ಹದಿನೆಂಟರ ತುಂಬು ಗರ್ಭಿಣಿ. ಭಾವ ಎ.ಪಿ. ಕಾರ್ಟರ್ ಮತ್ತು ಅವರ ಹೆಂಡತಿ ಸಾರಾ ಜೊತೆ ಬ್ರಿಸ್ಟಲ್ ಪಟ್ಟಣಕ್ಕೆ ಹೋಗಿ, ರಾಲ್ಫ್ ಪಿಯರ್ ಎಂಬುವವರ ರೆಕಾರ್ಡಿಂಗ್ ಯಂತ್ರದ ಮುಂದೆ ಗಿಟಾರ್ ನುಡಿಸಿದರು. ಹೆಬ್ಬೆರಳಿನಿಂದ ಮಂದ್ರದ ತಂತಿಗಳಲ್ಲಿ ರಾಗವನ್ನೂ ಉಳಿದ ಬೆರಳುಗಳಿಂದ ಲಯವನ್ನೂ ಒಟ್ಟಿಗೆ ನುಡಿಸುವ ಮೇಬೆಲ್ ಅವರ ಬಗೆಯನ್ನು ಆಮೇಲೆ ಬಂದ ಗಿಟಾರ್ ವಾದಕರೆಲ್ಲ ಕಲಿತರು. ಕಾರ್ಟರ್ ಫ್ಯಾಮಿಲಿ ಎಂಬ ಹೆಸರು ಅಂದಿನಿಂದ ಶುರುವಾಯಿತು.

ಈ ಮನೆತನದ ಒಂದು ಸಂಗತಿಯನ್ನು ನಾನು ಎಂದೂ ಮರೆಯಲಾರೆ. ಜೂನ್ ಅವರ ದೊಡ್ಡಪ್ಪ ಎ.ಪಿ. ಮತ್ತು ದೊಡ್ಡಮ್ಮ ಸಾರಾ 1930ರ ದಶಕದಲ್ಲಿ ಬೇರೆಯಾದರು, ವಿಚ್ಛೇದನವೂ ಆಯಿತು. ಹಾಡುವುದನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಮೆಕ್ಸಿಕೋ ಗಡಿಯಾಚೆಯಿಂದ ಅಮೆರಿಕದ ಮೂಲೆಮೂಲೆಗೂ ಕೇಳಿಸುವಷ್ಟು ಶಕ್ತಿಯ ರೇಡಿಯೋ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿ, ಟೆಕ್ಸಸ್‌ನ ಡೆಲ್ ರಿಯೋಗೆ ಹೋಗಿ ನೆಲೆಸಿದಾಗಲೂ ಒಟ್ಟಿಗೇ ಹಾಡಿದರು. 1939ರಲ್ಲಿ ಸಾರಾ ಅದೇ ರೇಡಿಯೋದಲ್ಲಿ, ದೂರದ ಕ್ಯಾಲಿಫೋರ್ನಿಯಾದಲ್ಲಿದ್ದ ತಮ್ಮ ಪ್ರಿಯತಮ ಕಾಯ್ ಬೇಸ್ ಅವರ ಹೆಸರು ಹೇಳಿ, ಅವರ ನೀಲಿ ಕಣ್ಣುಗಳನ್ನು ನೆನೆಯುವ ಹಾಡೊಂದನ್ನು ಅವರಿಗೆಂದೇ ಹಾಡಿದರು. ಆತ ಕೇಳಿಸಿಕೊಂಡರು, ಬಂದರು, ಅದೇ ವರ್ಷ ಇಬ್ಬರ ಮದುವೆಯೂ ಆಯಿತು. ಅದಾದ ಮೇಲೂ ಎ.ಪಿ. ಮತ್ತು ಸಾರಾ ಕೆಲವು ವರ್ಷ ಜೊತೆಗೆ ಹಾಡಿದರು. ಮದುವೆ ಮುರಿದರೂ ಸ್ವರ ಕೂಡುತ್ತದೆ, ಹಾಡಿನಲ್ಲಿ ಜೊತೆಯಾಗುವುದಕ್ಕೂ ಬದುಕಿನಲ್ಲಿ ಜೊತೆಯಾಗುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ ಎಂಬುದನ್ನು ಜೂನ್ ಮನೆಯಲ್ಲೇ ನೋಡಿ ಬೆಳೆದರು.

ಮೂವರು ಅಕ್ಕತಂಗಿಯರಲ್ಲಿ ಜೂನ್ ನಡುವಿನವರು. ಅಕ್ಕ ಹೆಲೆನ್ ವಾದ್ಯಗಳಲ್ಲಿ ಗಟ್ಟಿಗರು. ತಂಗಿ ಅನಿತಾ ಅವರದು ಕೇಳಿದವರು ಬೆರಗಾಗುವ ಕಂಠ. ಇಬ್ಬರ ನಡುವೆ ಸ್ವರ ಹಿಡಿಯಲು ಹೆಣಗುತ್ತಿದ್ದ ಜೂನ್ ತಮಗೆ ಒಲಿದದ್ದನ್ನು ಕಂಡುಕೊಂಡರು: ನಗಿಸುವುದು. ಹಾಸ್ಯಪಾತ್ರಗಳ ವೇಷ ಹಾಕಿ, ಗಂಟಲನ್ನು ಒರಟಾಗಿಸಿ, ಹಾಡಿನ ನಡುವೆ ಮಾತು ನುಗ್ಗಿಸಿ ಸಭೆಯನ್ನು ಹಿಡಿದಿಡುವುದು. 1949ರಲ್ಲಿ ಹೋಮರ್ ಮತ್ತು ಜೆಥ್ರೋ ಎಂಬ ಹಾಸ್ಯ ಜೋಡಿಯೊಂದಿಗೆ ಅವರು ಹಾಡಿದ ಅಣಕು ಯುಗಳಗೀತೆ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಹತ್ತರಲ್ಲಿ ಸ್ಥಾನ ಪಡೆಯಿತು. ಮರುವರ್ಷ ತಾಯಿ ಮತ್ತು ಅಕ್ಕತಂಗಿಯರೊಂದಿಗೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮದ ವೇದಿಕೆಗೆ ಬಂದರು. ಅಲ್ಲಿ ಅವರನ್ನು ನೋಡಿದ ನಿರ್ದೇಶಕ ಎಲಿಯಾ ಕಜಾನ್ ನಟನೆ ಕಲಿಯುವಂತೆ ಸೂಚಿಸಿದರು. 1950ರ ದಶಕದ ನಡುವಿನಲ್ಲಿ ಜೂನ್ ನ್ಯೂಯಾರ್ಕಿಗೆ ಹೋಗಿ ನೇಬರ್‌ಹುಡ್ ಪ್ಲೇಹೌಸ್‌ನಲ್ಲಿ ಸ್ಯಾನ್‌ಫರ್ಡ್ ಮೈಸ್ನರ್ ಅವರ ಶಿಷ್ಯೆಯಾದರು.

ಮೈಸ್ನರ್ ಹೆಸರು ರಂಗಭೂಮಿಯವರಿಗೆ ಪರಿಚಿತ. ಅವರ ಪಾಠದ ತಿರುಳು ಒಂದು ಸರಳ ಅಭ್ಯಾಸ. ಇಬ್ಬರು ನಟರು ಎದುರುಬದುರು ಕೂರಬೇಕು. ಒಬ್ಬ ಒಂದು ಮಾತು ಹೇಳಬೇಕು, ಇನ್ನೊಬ್ಬ ಅದನ್ನೇ ಮರಳಿ ಹೇಳಬೇಕು, ಮತ್ತೆ ಇವನು, ಮತ್ತೆ ಅವನು. ಮಾತು ಬದಲಾಗುವುದಿಲ್ಲ, ಎದುರಿನವನ ಮುಖ, ದನಿ, ಉಸಿರು ಬದಲಾದಂತೆ ಅದೇ ಮಾತಿನ ಬಣ್ಣ ಬದಲಾಗುತ್ತ ಹೋಗುತ್ತದೆ. ನಟನೆ ಎಂದರೆ ತಾನು ಏನು ಮಾಡುತ್ತೇನೆ ಎಂಬುದಕ್ಕಿಂತ ಎದುರಿನವನು ಮಾಡಿದ್ದಕ್ಕೆ ಹೇಗೆ ಓಗೊಡುತ್ತೇನೆ ಎಂಬುದು. ಇದನ್ನು ತಿಳಿದುಕೊಂಡು ‘ಜಾಕ್ಸನ್’ ಕೇಳಿ ನೋಡಿ. ಜಾಕ್ಸನ್‌ಗೆ ಹೋಗುತ್ತೇನೆ, ಹೋಗು ಜಾಕ್ಸನ್‌ಗೆ, ಹೋಗಿಯೇ ಹೋಗುತ್ತೇನೆ, ಹೋಗಬಾರದೇ ಮತ್ತೆ. ಒಂದೇ ಮಾತು ಇಬ್ಬರ ನಡುವೆ ಓಡಾಡುತ್ತ, ಪ್ರತಿ ಸಲ ಬೇರೆ ಅರ್ಥ ಹೊತ್ತು ಮರಳುತ್ತದೆ. ವೀಲರ್ ನಾಟಕ ಶಾಲೆಯಲ್ಲಿ ಕುಳಿತು ಬರೆಯಲು ಕಲಿತದ್ದನ್ನು ಜೂನ್ ಇನ್ನೊಂದು ನಾಟಕ ಶಾಲೆಯಲ್ಲಿ ಆಡಲು ಕಲಿತಿದ್ದರು.

ಹೆಣ್ಣು ಎದುರುತ್ತರ ಕೊಡುವ ಪದ್ಧತಿ ಕಂಟ್ರಿ ಸಂಗೀತಕ್ಕೆ ಹೊಸದಾಗಿರಲಿಲ್ಲ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಒಂದು ಹಾಡು ಹಾಡಿದರು. ಮನೆ ಬಿಟ್ಟು ಮದ್ಯದಂಗಡಿಗಳ ಬೆಳಕಿಗೆ ಮರುಳಾದ ಹೆಣ್ಣನ್ನು, ದೇವರೇ ಇಂಥವರನ್ನು ಹುಟ್ಟಿಸಿದ್ದಾನೆ ಎಂಬ ಧಾಟಿಯಲ್ಲಿ ದೂರುವ ಹಾಡು ಅದು. ಅದೇ ವರ್ಷ ಕಿಟ್ಟಿ ವೆಲ್ಸ್ ಉತ್ತರ ಕೊಟ್ಟರು: ಹುಟ್ಟಿಸಿದ್ದು ದೇವರಲ್ಲ, ಮದುವೆಯಾದ ಮೇಲೂ ತಾವಿನ್ನೂ ಒಂಟಿ ಎಂದುಕೊಂಡು ತಿರುಗುವ ಗಂಡಸರು. ಎನ್‌ಬಿಸಿ ರೇಡಿಯೋ ಆ ಹಾಡಿಗೆ ತಡೆ ಹಾಕಿತು. ಜನ ತಡೆಯಲಿಲ್ಲ. ಒಬ್ಬರೇ ಹಾಡಿ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯ ತುದಿಗೇರಿದ ಮೊದಲ ಗಾಯಕಿ ಕಿಟ್ಟಿ ವೆಲ್ಸ್. ಥಾಂಪ್ಸನ್ ಅವರ ದೂರಿಗೂ ವೆಲ್ಸ್ ಅವರ ಉತ್ತರಕ್ಕೂ ರಾಗ ಒಂದೇ. ಸಾರಾ ಕಾರ್ಟರ್ ರೇಡಿಯೋದಲ್ಲಿ ಕಾಯ್ ಬೇಸ್ ಅವರಿಗೆಂದು ಹಾಡಿದ ನೀಲಿ ಕಣ್ಣುಗಳ ಹಾಡಿನ ರಾಗವೂ ಅದೇ. ಒಂದೇ ಧಾಟಿಯಲ್ಲಿ ಹಂಬಲವೂ ಬಂತು, ಆರೋಪವೂ ಬಂತು, ಉತ್ತರವೂ ಬಂತು.

ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳನ್ನು ಕೇಳಿದವರಿಗೆ ಈ ಸವಾಲು ಜವಾಬಿನ ರುಚಿಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಅಮೆರಿಕದ ಈ ಎದುರುತ್ತರದ ಹಾಡುಗಳಲ್ಲಿ ಸವಾಲು ಒಂದು ರೆಕಾರ್ಡಿನಲ್ಲಿ, ಜವಾಬು ಇನ್ನೊಂದರಲ್ಲಿ. ಹೆಣ್ಣಿನ ಮಾತು ತಿಂಗಳುಗಳ ನಂತರ ಬರುತ್ತಿತ್ತು, ಅಷ್ಟರಲ್ಲಿ ಗಂಡಸು ತನ್ನ ಪಾಲಿನ ಗೆಲುವನ್ನು ಬಾಚಿಕೊಂಡಿರುತ್ತಿದ್ದ. ‘ಜಾಕ್ಸನ್’ನಲ್ಲಿ ಉತ್ತರ ಮುಂದಿನ ಸಾಲಿನಲ್ಲೇ ಬರುತ್ತದೆ. ಅವನಿಗೆ ಉಸಿರೆಳೆದುಕೊಳ್ಳುವಷ್ಟೂ ಪುರುಸೊತ್ತಿಲ್ಲ.

ಹಾಡಿನ ನಡುಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಂಡ ಜಂಬದಿಂದ ಶುರು ಮಾಡುತ್ತಾನೆ: ಜಾಕ್ಸನ್‌ಗೆ ಹೋಗಿ ಮನಸ್ಸು ಬಂದ ಹಾಗೆ ಮೆರೆಯುತ್ತೇನೆ, ಆ ಊರು ನನ್ನಿಂದ ಹುಷಾರಾಗಿರಲಿ. ಹೆಂಡತಿ ಅಳುವುದಿಲ್ಲ, ಬೇಡವೆನ್ನುವುದಿಲ್ಲ. ಹೋಗು ಮಾರಾಯ, ಆರೋಗ್ಯ ಕೆಡಿಸಿಕೊ, ದೊಡ್ಡ ಮಾತಿನವನೇ, ನಿನ್ನ ಆಟವನ್ನು ಆಡಿ ನೋಡು, ನಗೆಪಾಟಲಾಗು, ಹೋಗುವ ಮುಂಚೆ ತಲೆ ಬಾಚಿಕೊ ಎನ್ನುತ್ತಾಳೆ. ತಲೆ ಬಾಚಿಕೊ ಎಂಬಲ್ಲಿ ಹೆಂಡತಿಗಿಂತ ಹೆಚ್ಚಾಗಿ ತಾಯಿಯ ದನಿ ಇದೆ. ಪರಸ್ತ್ರೀಯರನ್ನು ಮರುಳು ಮಾಡಲು ಹೊರಟವನನ್ನು ಶಾಲೆಗೆ ಹೊರಟ ಹುಡುಗನನ್ನಾಗಿ ಮಾಡಿಬಿಡುತ್ತದೆ ಆ ಒಂದು ಮಾತು.

ಅವನು ಇನ್ನಷ್ಟು ಉಬ್ಬುತ್ತಾನೆ. ಊರಿನ ಜನ ಬಾಗಿ ನಮಸ್ಕರಿಸುತ್ತಾರೆ, ಹೆಂಗಸರು ತಮಗೆ ಗೊತ್ತಿಲ್ಲದ್ದನ್ನೆಲ್ಲ ಕಲಿಸು ಎಂದು ಮುತ್ತಿಕೊಳ್ಳುತ್ತಾರೆ. ಇಷ್ಟು ಹೇಳಿ, ನನ್ನ ಕೋಟು ಬಿಡು ಎನ್ನುತ್ತಾನೆ.

ನನಗೆ ಇಡೀ ಹಾಡಿನ ಜೀವ ಇರುವುದು ಈ ಕೋಟಿನಲ್ಲಿ. ಅವಳು ಕೋಟು ಹಿಡಿದಿದ್ದಾಳೆ ಎಂದು ಯಾರು ಹೇಳಿದರು? ಅವಳ ಬಾಯಿಂದ ಬಂದದ್ದೆಲ್ಲ ಹೋಗು ಎಂಬ ಮಾತೇ. ಹಿಡಿದಿದ್ದರೆ ಬಾಯಲ್ಲಿ ಹೋಗು ಎನ್ನುತ್ತ ಕೈಯಲ್ಲಿ ತಡೆಯುತ್ತಿದ್ದಾಳೆ. ಹಿಡಿದಿಲ್ಲವಾದರೆ, ಹಿಡಿಯಲಿ ಎಂಬ ಆಸೆ ಅವನದು. ನಾಟಕದ ಹಸ್ತಪ್ರತಿಯಲ್ಲಿ ಆವರಣದೊಳಗೆ ಬರೆದಿಡಬಹುದಾಗಿದ್ದ ಸೂಚನೆಯನ್ನು ವೀಲರ್ ಮಾತಿನೊಳಕ್ಕೇ ಸೇರಿಸಿ, ನಿರ್ಧಾರವನ್ನು ಹಾಡುವವರಿಗೆ ಬಿಟ್ಟರು. ಜೂನ್ ಹೇಗೆ ಆಡಿದರು? ಅವರ ದನಿಯಲ್ಲಿ ಹಿಡಿದುಕೊಳ್ಳುವವಳ ಆತಂಕ ಎಳ್ಳಷ್ಟೂ ಇಲ್ಲ. ಹೋಗಿ ಬಾ, ಮುಗಿಯಿತು ಕಥೆ ಎಂಬ ಅರ್ಥದ ತುಂಡು ಸಾಲನ್ನು ಅವನ ಮಾತಿನ ಬಾಲಕ್ಕೇ ಎಸೆಯುತ್ತಾರೆ. ಕೇಳುವಾಗ ನನಗೆ ಕಾಣುವುದು ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಣ್ಣು. ಕೋಟು ಖಾಲಿ ಗಾಳಿಯಲ್ಲಿದೆ.

ಆಮೇಲೆ ಅವಳ ದೊಡ್ಡ ಚರಣ ಬರುತ್ತದೆ. ಜಾಕ್ಸನ್‌ನಲ್ಲಿ ಜನ ನಿನ್ನನ್ನು ನೋಡಿ ನಗುತ್ತಾರೆ, ನಾನು ಬಿಯರ್ ಪೀಪಾಯಿಯ ಮೇಲೆ ಹತ್ತಿ ಕುಣಿಯುತ್ತಿರುತ್ತೇನೆ, ಬಿಸಿನೀರು ಬಿದ್ದ ನಾಯಿಯ ಹಾಗೆ ನೀನು ಬಾಲ ಮುದುರಿಕೊಂಡಿರುತ್ತೀಯ. ಇಲ್ಲಿ ಜೂನ್ ಗಂಟಲನ್ನು ಗುರುಗುಟ್ಟಿಸುತ್ತಾರೆ. ಇಂಪಿನ ಗಾಯಕಿಯೊಬ್ಬರು ಇದನ್ನು ಸೊಗಸಾಗಿ ಹಾಡಿಬಿಡುತ್ತಿದ್ದರು, ಅಷ್ಟಕ್ಕೆ ಚರಣ ಸಾಯುತ್ತಿತ್ತು. ಎಳೆಯ ವಯಸ್ಸಿನಲ್ಲಿ ಸ್ವರಕ್ಕಾಗಿ ಹೆಣಗಿದ ಆ ಒರಟು ಗಂಟಲೇ ಇಲ್ಲಿ ಆಯುಧ. ಎದುರಿಗಿರುವುದು ಕ್ಯಾಶ್ ಅವರ ಆಳದ, ಕಲ್ಲಿನಂಥ ದನಿ, ಅದರ ಹಿಂದೆ ರೈಲಿನ ಹಾಗೆ ಓಡುವ ಅವರ ತಂಡದ ಲಯ. ಅಂಥ ದನಿಯ ಮುಂದೆ ಜಂಬದ ಮಾತು ಸಲೀಸಾಗಿ ನಿಜವೆಂದು ತೋರಿಬಿಡಬಹುದಿತ್ತು. ಜೂನ್ ಅದಕ್ಕೆ ಆಸ್ಪದ ಕೊಡುವುದಿಲ್ಲ. ಕ್ಯಾಶ್ ಸಹ ತಮ್ಮ ಗಾಂಭೀರ್ಯವನ್ನು ಅವರ ಕೈಗೆ ಒಪ್ಪಿಸಿ ಸುಮ್ಮನಿದ್ದರು ಎಂಬುದನ್ನೂ ಹೇಳಬೇಕು. ಸೋಲಲು ಒಪ್ಪುವ ಗಂಡಸು ಸಿಗದಿದ್ದರೆ ಈ ಹಾಡನ್ನು ಆಡಲಾಗುವುದಿಲ್ಲ.

ಈ ಕಥೆಯಲ್ಲಿ ಹಾಡದ ಇನ್ನೊಬ್ಬ ಹೆಣ್ಣುಮಗಳಿದ್ದಾರೆ. ವಿವಿಯನ್ ಲಿಬರ್ಟೊ. 1951ರಲ್ಲಿ ವಾಯುಪಡೆಯ ತರಬೇತಿಗೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋಗೆ ಬಂದಿದ್ದ ಕ್ಯಾಶ್ ಅವರನ್ನು ಸ್ಕೇಟಿಂಗ್ ಅಂಗಳದಲ್ಲಿ ಕಂಡರು. ಆತ ಜರ್ಮನಿಯಲ್ಲಿದ್ದ ಮೂರು ವರ್ಷ ಇಬ್ಬರ ನಡುವೆ ರಾಶಿ ಪತ್ರಗಳು ಓಡಾಡಿದವು, 1954ರಲ್ಲಿ ಮದುವೆಯಾಯಿತು. ನಿನಗಾಗಿ ಗೆರೆ ದಾಟದೆ ನಡೆಯುತ್ತೇನೆ ಎಂದು 1956ರಲ್ಲಿ ಕ್ಯಾಶ್ ಹಾಡಿದ ಪ್ರಸಿದ್ಧ ಹಾಡು ವಿವಿಯನ್ ಅವರಿಗಾಗಿ ಬರೆದದ್ದು. ಹತ್ತು ವರ್ಷ ಕಳೆಯುವ ಹೊತ್ತಿಗೆ ಆ ಗೆರೆ ಎಲ್ಲಿತ್ತೆಂದು ಯಾರಿಗೂ ಕಾಣುತ್ತಿರಲಿಲ್ಲ. ಮಾತ್ರೆಗಳ ಚಟ ಕ್ಯಾಶ್ ಅವರನ್ನು ತಿನ್ನುತ್ತಿತ್ತು. 1965ರ ಅಕ್ಟೋಬರಿನಲ್ಲಿ ಗಡಿಯೂರು ಎಲ್ ಪಾಸೋದಲ್ಲಿ ಸಿಕ್ಕಿಬಿದ್ದಾಗ ಗಿಟಾರ್ ಪೆಟ್ಟಿಗೆಯಲ್ಲಿ ಸಾವಿರಕ್ಕೂ ಮಿಕ್ಕಿ ಮಾತ್ರೆಗಳಿದ್ದವು. ವಿವಿಯನ್ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಮನೆಯಲ್ಲಿದ್ದರು. 1966ರಲ್ಲಿ ವಿಚ್ಛೇದನ ಕೇಳಿದರು.

ಬೆಂಕಿ ಆರಿಹೋದ ಮದುವೆಯ ಸಾಲನ್ನು ಕ್ಯಾಶ್ ಹಾಡುವಾಗ ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಹಕ್ಕು ನನಗಿಲ್ಲ. ಆದರೆ ಜಾಕ್ಸನ್‌ಗೆ ಹೋಗುತ್ತೇನೆಂದು ಹೊರಟು, ನಿಜವಾಗಿಯೂ ಹೋಗಿಬಿಟ್ಟ ಗಂಡನ ಮನೆಯೊಂದು ಅಂದು ಇತ್ತು ಎಂಬುದು ಸುಳ್ಳಲ್ಲ. ವಿವಿಯನ್ 2005ರಲ್ಲಿ ತೀರಿಕೊಂಡರು. ಆ ಹಳೆಯ ಪತ್ರಗಳನ್ನು ಒಳಗೊಂಡ ಅವರ ಆತ್ಮಕಥನ 2007ರಲ್ಲಿ ಹೊರಬಂತು. ಪ್ರೇಮಕಥೆಯನ್ನು ಮೆಚ್ಚುವವರು ಅದನ್ನೂ ಓದಬೇಕು. ಜೂನ್ ಅವರ ಮೇಲಿನ ನನ್ನ ಅಭಿಮಾನ ಅದರಿಂದ ಕಡಿಮೆಯಾಗಲಿಲ್ಲ. ಈ ಹಾಡಿನ ನಗುವಿಗೆ ಯಾರ ಮನೆಯ ಖರ್ಚಿತ್ತು ಎಂಬುದು ತಿಳಿಯಿತು.

ರೆಕಾರ್ಡು 1967ರ ಫೆಬ್ರವರಿಯಲ್ಲಿ ಬಂತು, ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಅದೇ ವರ್ಷ ನ್ಯಾನ್ಸಿ ಸಿನಾತ್ರಾ ಮತ್ತು ಲೀ ಹೇಜಲ್‌ವುಡ್ ಇದನ್ನೇ ಹಾಡಿ ಪಾಪ್ ಕೇಳುಗರ ಪಟ್ಟಿಯಲ್ಲಿ 14ರವರೆಗೆ ತಂದರು. ಅಮೆರಿಕದ ಅನೇಕರು ಈ ಹಾಡನ್ನು ಮೊದಲು ಕೇಳಿದ್ದು ಅವರ ದನಿಯಲ್ಲೇ. ನ್ಯಾನ್ಸಿ ಅವರದು ತಣ್ಣನೆಯ, ನಗರದ ನಾಜೂಕಿನ ದನಿ. ಗಂಡ ಹೋದರೆ ಹೋದ ಎಂಬ ನಿರ್ಲಿಪ್ತತೆ ಅಲ್ಲಿ ಚೆನ್ನಾಗಿ ಮೂಡಿದೆ. ಆದರೆ ಅವನು ಹೋಗುವುದಿಲ್ಲ ಎಂಬ ಅನುಭವಸ್ಥ ಹೆಣ್ಣಿನ ಭರವಸೆ ಅಲ್ಲಿಲ್ಲ. ಎರಡನ್ನೂ ಹಿಂದುಮುಂದಾಗಿ ಕೇಳಿದರೆ ವ್ಯತ್ಯಾಸ ತಾನಾಗಿ ಕಿವಿಗೆ ಬೀಳುತ್ತದೆ.

ಹಾಡಿನ ಜಾಕ್ಸನ್ ಯಾವ ಜಾಕ್ಸನ್ ಎಂಬ ವಾದ ಇಂದಿಗೂ ನಡೆಯುತ್ತದೆ. ಟೆನೆಸ್ಸಿಯವರು ತಮ್ಮದು ಎನ್ನುತ್ತಾರೆ, ಮಿಸಿಸಿಪ್ಪಿಯವರು ತಮ್ಮದು ಎನ್ನುತ್ತಾರೆ. ತಮ್ಮ ಮನಸ್ಸಿನಲ್ಲಿ ಯಾವ ಊರೂ ಇರಲಿಲ್ಲ, ಗಡುಸಾದ ಉಚ್ಚಾರ ಇಷ್ಟವಾಯಿತು ಅಷ್ಟೇ ಎಂದು ವೀಲರ್ ಹೇಳಿದ ಮೇಲೂ ವಾದ ನಿಂತಿಲ್ಲ.

1968ರ ಆರಂಭದ ತಿಂಗಳುಗಳಲ್ಲಿ ಎಲ್ಲವೂ ಒಟ್ಟಿಗೆ ನುಗ್ಗಿ ಬಂತು. ಫೆಬ್ರವರಿ 22ರಂದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್ ನಗರದಲ್ಲಿ, ಕಾರ್ಯಕ್ರಮದ ನಡುವೆ, ಸಭೆಯ ಎದುರಿಗೇ ಕ್ಯಾಶ್ ಮದುವೆಯಾಗುವೆಯಾ ಎಂದು ಜೂನ್ ಅವರನ್ನು ಕೇಳಿದರು. ಫೆಬ್ರವರಿ 29ರಂದು ‘ಜಾಕ್ಸನ್’ಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಮರುದಿನ, ಮಾರ್ಚ್ 1ರಂದು, ಕೆಂಟಕಿಯ ಫ್ರ್ಯಾಂಕ್ಲಿನ್ ಎಂಬಲ್ಲಿ ಮದುವೆ ನಡೆಯಿತು. 2005ರ ‘ವಾಕ್ ದ ಲೈನ್’ ಚಿತ್ರ ತನ್ನ ಕಥೆಯ ತುದಿಯನ್ನು ಇಟ್ಟದ್ದು ಆ ಒಂಟಾರಿಯೋ ವೇದಿಕೆಯ ಮೇಲೆ. ವಾಕಿನ್ ಫೀನಿಕ್ಸ್ ಮತ್ತು ರೀಸ್ ವಿದರ್‌ಸ್ಪೂನ್ ಸ್ವಂತ ದನಿಯಲ್ಲೇ ಹಾಡಿದರು, ಜೂನ್ ಪಾತ್ರಕ್ಕೆ ವಿದರ್‌ಸ್ಪೂನ್ ಆಸ್ಕರ್ ಪಡೆದರು. ಜೂನ್ ಪಾತ್ರ ನಟಿಯೊಬ್ಬರಿಗೆ ಆ ಪ್ರಶಸ್ತಿ ತಂದದ್ದು ನನಗೆ ಸರಿಯಾಗಿಯೇ ತೋರುತ್ತದೆ.

ಆದರೆ ಈ ಹಾಡನ್ನು ಮೊದಲ ಸಲ ಕೇಳುವವರಿಗೆ ನಾನು ಸೂಚಿಸುವುದು ಸಿನಿಮಾವನ್ನಲ್ಲ, ಸ್ಟುಡಿಯೋ ರೆಕಾರ್ಡನ್ನೂ ಅಲ್ಲ. 1968ರ ಜನವರಿ 13ರಂದು, ಒಂಟಾರಿಯೋದ ಆ ರಾತ್ರಿಗೆ ಆರು ವಾರ ಮೊದಲು, ಕ್ಯಾಲಿಫೋರ್ನಿಯಾದ ಫೋಲ್ಸಮ್ ಸೆರೆಮನೆಯಲ್ಲಿ ನಡೆದ ಕಾರ್ಯಕ್ರಮದ ಧ್ವನಿಮುದ್ರಣವನ್ನು ಕೇಳಿ. ಅಂದು ಸೆರೆಮನೆಯ ಊಟದ ಸಭಾಂಗಣದಲ್ಲಿ ಎರಡು ಪ್ರದರ್ಶನ ನಡೆದವು. ಕೇಳುಗರೆಲ್ಲ ಗಂಡಸರು, ಸುತ್ತಲೂ ಕಾವಲಿನವರು. ಕೊಲೆಗಡುಕನ ಹಾಡು, ನೇಣಿಗೆ ಕಾದವನ ಹಾಡು ಎಲ್ಲವನ್ನೂ ಕ್ಯಾಶ್ ಅಲ್ಲಿ ಹಾಡಿದರು. ನಡುವೆ ಜೂನ್ ಬಂದರು, ‘ಜಾಕ್ಸನ್’ ಶುರುವಾಯಿತು. ಸ್ಟುಡಿಯೋದಲ್ಲಿ ಹಾ ಹೂ ಎನ್ನದೆ ಕೇಳಿಸಿಕೊಂಡಿದ್ದ ಗೋಡೆಗಳ ಬದಲು ಇಲ್ಲಿ ನೂರಾರು ಕೈದಿಗಳು ಮೂರನೆಯ ಪಾತ್ರವಾಗಿ ಸೇರಿಕೊಂಡಿದ್ದಾರೆ. ಹೋಗುತ್ತೇನೆ, ಮರಳಿ ಬರುವುದಿಲ್ಲ ಎಂದು ಒಬ್ಬ ಗಂಡಸು ಕೊಚ್ಚಿಕೊಳ್ಳುವುದನ್ನು, ಎಲ್ಲಿಗೂ ಹೋಗಲಾರದ ಗಂಡಸರು ಕೂತು ಕೇಳುತ್ತಿದ್ದಾರೆ. ಹಾಡಿನ ಓಟ ಬಿರುಸಾಗಿದೆ, ಕೇಕೆ ಹಾಡಿನೊಳಕ್ಕೆ ನುಗ್ಗುತ್ತದೆ, ಜೂನ್ ಅದರ ಮೇಲೆ ಸವಾರಿ ಮಾಡುತ್ತಾರೆ.

ಕೇಳುವಾಗ ಕೊನೆಯ ಚರಣಕ್ಕೆ ಕಿವಿ ಕೊಡಿ. ಲೈಬರ್ ಎರಡು ಸಲ ಬರುವಂತೆ ಮಾಡಿದ ಆ ಚರಣ ಮೊದಲಿನ ಮಾತುಗಳಲ್ಲೇ ಮರಳುತ್ತದೆ, ಜ್ವರದ ಮದುವೆ, ಆರಿದ ಬೆಂಕಿ, ಜಾಕ್ಸನ್‌ಗೆ ಹೋಗುವ ಶಪಥ. ಮುಕ್ತಾಯದ ಸಾಲಿಗೆ ಬರುವಾಗ ಮಾತ್ರ, ಇಲ್ಲಿಯವರೆಗೆ ಒಬ್ಬನೇ ಹೊರಟಿದ್ದವನ ಜೊತೆ ಅವಳೂ ಸೇರಿಕೊಂಡು, ಇಬ್ಬರೂ ಹೋಗುತ್ತೇವೆ, ಮರಳಿ ಬರುವವರಲ್ಲ ಎಂದು ಒಂದೇ ಉಸಿರಿಗೆ ಹಾಡುತ್ತಾರೆ. ಅವಳು ಯಾವಾಗ ಮನಸ್ಸು ಮಾಡಿದಳು, ಅವನು ಕರೆದನೇ, ಇವಳೇ ಹೊರಟಳೇ ಎಂಬುದಕ್ಕೆ ಹಾಡಿನಲ್ಲಿ ಒಂದು ಸಾಲಿನ ವಿವರಣೆಯೂ ಇಲ್ಲ.